ತೇಲುವ ಭಾವಚಿತ್ರ: ಅಂತರಗಂಗೆ ಹತ್ತೋ ಮೊದಲು

ಪ್ರೀತಿಯ ಗೆಳೆಯಾ,

ಕೋಲಾರದ ಅಂತರಗಂಗೆ ಬೆಟ್ಟದ ಬಂಡೆಗಳ ನಡುವೆ ಹುಡುಗಿಯೊಬ್ಬಳು ಗಾಳಿಯಲ್ಲಿ ಮಲಗಿ ತೇಲೋ ಫೋಟೋ ಮಾಡಬೇಕು ಅಂದಿದ್ದೀಯ. ಅವಳನ್ನು ಸ್ಟೂಲಿನ ಮೇಲೆ ಮಲಗಿಸಿ ತೆಗೆದು, ಆಮೇಲೆ ಫೋಟೋಶಾಪ್‌ನಲ್ಲಿ ಸ್ಟೂಲನ್ನು ಅಳಿಸೋದೇ ಇದರ ಉಪಾಯ. ಆದರೆ ಕ್ಯಾಮೆರಾಗಿಂತ ಮೊದಲು ಪೆನ್ಸಿಲ್ ಹಿಡಿ. ಸ್ಟೂಲು ಎಲ್ಲಿ ಬರುತ್ತೆ, ಏನು ಅಳಿಸ್ತೀಯ, ಏನು ಸೇರಿಸ್ತೀಯ ಅಂತ ಹಾಳೆಯ ಮೇಲೆ ಗೀಚಿ ಅವಳಿಗೆ ತೋರಿಸು. ಕೆಳಗೆ ಆಸರೆಯೇ ಇಲ್ಲ ಅನ್ನೋದು ಅವಳ ಮನಸ್ಸಿಗೆ ಬಂದರೆ ಕಾಲ್ಬೆರಳು ತಾನಾಗೇ ಚಾಚುತ್ತೆ, ಕತ್ತು ಸಡಿಲವಾಗುತ್ತೆ. ಇಲ್ಲದಿದ್ದರೆ ಸ್ಟೂಲಿನ ಮೇಲೆ ಮಲಗಿದ ಹಾಗೇ ಕಾಣ್ತಾಳೆ. ಫೋಟೋಶಾಪ್‌ನಲ್ಲಿ ಸ್ಟೂಲು ಹೋಗುತ್ತೆ, ಆ ಭಂಗಿ ಹೋಗಲ್ಲ.

ಟ್ರೈಪಾಡ್ ಭದ್ರವಾಗಿರಲಿ, ಕೈನಡುಕ ತಡೆಯೋ ಲೆನ್ಸಿನ ಸ್ಟೆಬಿಲೈಸರ್ ಆಫ್ ಮಾಡು. ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರೂ ಮ್ಯಾನ್ಯುಯಲ್. ಅಪರ್ಚರ್ ಎಫ್ 8, ಸೆರಗು ಹಾರೋ ಶಾಟ್ ಇರೋದರಿಂದ ಶಟರ್ 1/500 ಸೆಕೆಂಡು, ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸು. ಸ್ಟೂಲು ಅಳಿಸಿದ ಕಡೆ ತುಂಬೋಕೆ ಅವಳೂ ಸ್ಟೂಲೂ ಇಲ್ಲದ ಖಾಲಿ ಜಾಗದ ಫ್ರೇಮನ್ನು ಶುರುವಿನಲ್ಲಿ ಒಮ್ಮೆ, ಮುಗಿದ ತಕ್ಷಣ ಇನ್ನೊಮ್ಮೆ ತೆಗಿ. ಮೋಡ ಸರಿದರೆ ಮೊದಲನೆಯದು ಹೊಂದಲ್ಲ.

ಹೆಚ್ಚು ಕೆಡೋದು ಸ್ಟೂಲಿಗೆ ತಾಗೋ ಜಾಗದಲ್ಲಿ. ಅಗಲದ ಸ್ಟೂಲಾದರೆ ತೊಡೆ ಚಪ್ಪಟೆಯಾಗುತ್ತೆ, ಬಟ್ಟೆ ಅಂಚಿಗೆ ಮಡಿಚಿಕೊಳ್ಳುತ್ತೆ. ಕಿರಿದಾದ ಸ್ಟೂಲನ್ನು ಸೊಂಟದ ಕೆಳಗಿಟ್ಟು ಒಂದು ಫ್ರೇಮ್, ತೊಡೆಯ ಕೆಳಗೆ ಸರಿಸಿ ಇನ್ನೊಂದು ತೆಗಿ. ಮೊದಲನೆಯದರಿಂದ ಕಾಲು, ಎರಡನೆಯದರಿಂದ ಸೊಂಟ ತಗೊಂಡು ಫೋಟೋಶಾಪ್‌ನ ಮಾಸ್ಕ್‌ನಲ್ಲಿ (ಬೇಡದ ಭಾಗ ಮರೆಮಾಡೋ ಸಾಧನ) ಕೂಡಿಸು. ಎರಡಕ್ಕೂ ಭಂಗಿ ಒಂದೇ ಇರಬೇಕಾದ್ದರಿಂದ ಇಲ್ಲಿ ಅವಳ ಶ್ರಮವೇ ದೊಡ್ಡದು. ಒಂದೊಂದು ಸಲಕ್ಕೆ 20 ಸೆಕೆಂಡು ಸಾಕು, ಆಮೇಲೆ ಎಬ್ಬಿಸು. ತಲೆ ಹಿಂದಕ್ಕೆ ಬಿಟ್ಟಾಗ ಕತ್ತು ಬೇಗ ನೋಯುತ್ತೆ. ಬಂಡೆ ಮಟ್ಟಸ ಇರಲ್ಲ, ಸ್ಟೂಲಿನ ಕಾಲು ಹಿಡಿಯೋಕೇ ಒಬ್ಬರು ಬೇಕು. ಕೂದಲು, ಸೆರಗು ಹಾರಿಸೋರು ಬೇರೆ. ಅವು ಒಂದೇ ಫ್ರೇಮಿನಲ್ಲಿ ಸರಿಯಾಗಿ ಬರೋದು ಅಪರೂಪ, ಬೇರೆ ಬೇರೆ ತೆಗೆದು ಜೋಡಿಸು.

ಕೆಮ್ಮಣ್ಣಿನ ಮೇಲೆ ತೆಗೆದರೆ ಒಂದು ವಿಷಯ ಗಮನಿಸು. ನಿಜವಾಗಿ ತೇಲೋ ಬಿಳಿ ಬಟ್ಟೆಯ ತಳಕ್ಕೆ ಮಣ್ಣಿನ ಕೆಂಪು ಹೊಳಪು ತಾಗಬೇಕು. ಸ್ಟೂಲು ಅದನ್ನು ತಡೆಯುತ್ತೆ, ಆ ಭಾಗ ಕಪ್ಪಾಗಿ ಉಳಿಯುತ್ತೆ. ಫೋಟೋಶಾಪ್‌ನಲ್ಲಿ ಬಣ್ಣ ಎತ್ತೋ ಐಡ್ರಾಪರ್‌ನಿಂದ ನೆಲದ ಬಣ್ಣವನ್ನೇ ಎತ್ತಿಕೊಂಡು, ಸಾಫ್ಟ್ ಲೈಟ್ ಮೋಡ್‌ನ ಹೊಸ ಲೇಯರ್‌ನಲ್ಲಿ ಆ ಭಾಗಕ್ಕೆ ತೆಳುವಾಗಿ ಬಳಿ.

ಖಾಲಿ ಫ್ರೇಮನ್ನು ಬಳಸಿ ಸ್ಟೂಲನ್ನು ಅಳಿಸೋವಾಗ ಅದರ ಜೊತೆ ಅವಳ ನೆರಳೂ ಹೋಗಿಬಿಡುತ್ತೆ, ಚಿತ್ರ ಅಂಟಿಸಿದ ಹಾಗೆ ಕಾಣೋದು ಇದರಿಂದಲೇ. ಸ್ಟೂಲಿನ ನೆರಳಷ್ಟೇ ತೆಗೆದು ಮೈಯ ನೆರಳು ಉಳಿಸಿಕೊ. ಚಿತ್ರದಲ್ಲಿ ಅವಳನ್ನು ಇನ್ನೂ ಮೇಲಕ್ಕೆತ್ತಿದರೆ ನೆರಳಿನ ಅಂಚು ಮಸುಕಾಗಬೇಕು. ಬಿಸಿಲು ಓರೆಯಿದ್ದರೆ ನೆರಳು ದೂರಕ್ಕೂ ಸರಿಯಬೇಕು.

ದುಡ್ಡು ಕೊಡ್ತೀಯೋ, ಬದಲಿಗೆ ಫೋಟೋ ಕೊಡ್ತೀಯೋ, ಎಲ್ಲೆಲ್ಲಿ ಹಾಕ್ತೀಯ ಅನ್ನೋದನ್ನು ಮೊದಲೇ ಬರೆದುಕೊಳ್ಳಿ. ಮುಖ, ಮೈಯ ಆಕಾರ ತಿದ್ದೋದಾದರೆ ಅವಳನ್ನು ಕೇಳು. ಸ್ಟೂಲಿನ ಮೇಲೆ ಮಲಗಿರೋ, ಇನ್ನೂ ತಿದ್ದದ ಫ್ರೇಮುಗಳನ್ನು ಯಾರಿಗೂ ಕಳಿಸಬೇಡ. ಪೋಸ್ಟ್ ಮಾಡೋ ಮೊದಲು ಅವಳು ನೋಡಲಿ. ಅದು ಅವಳ ಮೈ, ಅವಳ ಚಿತ್ರವೂ ಹೌದು.

ಬೆಳಿಗ್ಗೆ ಬೇಗ ಹತ್ತಿ, ಬಿಸಿಲೇರಿದರೆ ಬಂಡೆ ಸುಡುತ್ತೆ. ಕೋತಿಗಳಿವೆ, ತಿಂಡಿ ಬ್ಯಾಗಿನೊಳಗೇ ಇರಲಿ. ಸ್ಕೆಚ್ ಆದ ಮೇಲೆ ವಾಟ್ಸಾಪ್‌ನಲ್ಲಿ ಕಳಿಸು, ಸ್ಟೂಲು ಎಷ್ಟು ಎತ್ತರದ್ದು ಬೇಕು ಅಂತ ನೋಡಿ ಹೇಳ್ತೀನಿ.

ನಿನ್ನ ಗೆಳೆಯ