ಭಾನುವಾರದ ಸಭೆಗೆ ಪಾಸ್‌ಬುಕ್ ತನ್ನಿ

ಸಂಘದ ಎಲ್ಲ ಅಕ್ಕ-ತಂಗಿಯರಿಗೆ ನಮಸ್ಕಾರ.

ಬರುವ ಭಾನುವಾರ ಮಧ್ಯಾಹ್ನ 3 ಗಂಟೆಗೆ, ಇಳಕಲ್ಲಿನ ನಮ್ಮ ಓಣಿಯ ಸಮುದಾಯ ಭವನದಲ್ಲಿ, ನಮ್ಮ ಹಣದ ಲೆಕ್ಕವನ್ನು ನಾವೇ ನೋಡಿಕೊಳ್ಳುವುದನ್ನು ಕಲಿಯುವ ಸಭೆ ಇದೆ. ಸೀರೆಗೆ ಕೊಂಡಿ ಹಾಕಿ, ಕಂಡಿಕೆ ಸುತ್ತಿ ಕೂಲಿ ಗಳಿಸಿದರೂ ಪಾಸ್‌ಬುಕ್ ಓದಿಸಲು ಮನೆಯ ಗಂಡಸರಿಗಾಗಿ ಕಾಯುವವರು ನಮ್ಮಲ್ಲಿ ಅನೇಕರಿದ್ದಾರೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ನಮಗೆ ಯಾರೂ ಕಲಿಸಿರಲಿಲ್ಲ, ಅಷ್ಟೆ. ಹೋದ ವರ್ಷದವರೆಗೆ ನಾನೂ ಹಣ ತೆಗೆಯುವ ಚೀಟಿ ತುಂಬಲು ಪಕ್ಕದಲ್ಲಿ ನಿಂತವರ ಕೈಗೆ ಪೆನ್ನು ಕೊಡುತ್ತಿದ್ದೆ.

ಗೃಹಲಕ್ಷ್ಮಿಯ 2,000 ರೂಪಾಯಿ ಯಾವ ದಿನ ಜಮೆಯಾಯಿತು, ಖಾತೆಗೆ ನಾಮಿನಿ ಯಾರು ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಪುಸ್ತಕದಲ್ಲೇ ಬೆರಳಿಟ್ಟು ನೋಡೋಣ. ವರ್ಷಕ್ಕೊಮ್ಮೆ 20 ರೂಪಾಯಿ ಕಡಿತವಾಗಿರುವುದನ್ನು ಕಂಡು ಕೆಲವರು ಗಾಬರಿಯಾಗಿದ್ದೀರಿ; ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಿದವರಿಗೆ ಅದು 2 ಲಕ್ಷ ರೂಪಾಯಿಯ ಅಪಘಾತ ವಿಮೆಯ ಕಂತು.

ಶನಿವಾರದೊಳಗೆ ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿ ತನ್ನಿ. ಎಟಿಎಂ ಪಿನ್ ಮತ್ತು ಒಟಿಪಿಯನ್ನು ಸಭೆಯಲ್ಲಿಯೂ ಯಾರಿಗೂ, ನನಗೂ ಹೇಳಬೇಡಿ. ಸಾಲದ ವಿಷಯವನ್ನು ಎಲ್ಲರೆದುರು ಹೇಳಲು ಮನಸ್ಸಿಲ್ಲದವರು ನನಗೆ ಪ್ರತ್ಯೇಕವಾಗಿ ಬರೆಯಿರಿ, ಅದು ನನ್ನಲ್ಲೇ ಉಳಿಯುತ್ತದೆ.

ಬರುವವರು ಶುಕ್ರವಾರ ಸಂಜೆಯೊಳಗೆ ‘ಬರುತ್ತೇನೆ’ ಎಂದು ಇಲ್ಲಿ ತಿಳಿಸಬೇಕೆಂದು ವಿನಂತಿ. ಬರೆಯಲು ಬಾರದವರು ಧ್ವನಿ ಸಂದೇಶ ಕಳಿಸಿದರೂ ಸಾಕು.