ಯಾರನ್ನು ಓದಬೇಕು ಎಂದು ಕೇಳಿದೆಯಲ್ಲ

ಬಸವನಗುಡಿ, ಬೆಂಗಳೂರು

ಚಿ. ಸುಹಾಸನಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವಸರದಲ್ಲಿ ಉತ್ತರ ಕೊಡಲು ಮನಸ್ಸಾಗಲಿಲ್ಲ. ಅದಕ್ಕೇ ಈ ಕಾಗದ. ಪ್ಲೇಟೋ, ಶಂಕರಾಚಾರ್ಯರು ಎಲ್ಲ ಸರಿ, ನಮ್ಮ ಕಾಲದಲ್ಲೇ ಬದುಕಿ ನಮ್ಮ ಕಾಲದ ಬಗ್ಗೆ ಯೋಚಿಸುತ್ತಿರುವವರು ಯಾರಿದ್ದಾರೆ, ಒಂದು ಪಟ್ಟಿ ಕೊಡಿ ದೊಡ್ಡಮ್ಮ ಅಂದೆ. ಪಟ್ಟಿ ಮಾಡುವುದು ಕಷ್ಟವಲ್ಲ. ಆದರೆ ಪಟ್ಟಿ ಹಿಡಿದು ಓದಲು ಕೂತವರು ಎರಡು ಪುಸ್ತಕಕ್ಕೇ ಕೈಬಿಡುವುದನ್ನು ಬಹಳ ನೋಡಿದ್ದೇನೆ. ನನ್ನ ಮಾತು ಕೇಳುವುದಾದರೆ, ಹೆಸರು ಹುಡುಕುವ ಮೊದಲು ಒಂದು ವಾಗ್ವಾದ ಹುಡುಕು. ನಿನ್ನನ್ನು ಕಾಡುವ ಪ್ರಶ್ನೆಯ ಬಗ್ಗೆ ಇಬ್ಬರು ಗಟ್ಟಿಗರು ಎಲ್ಲಿ ಜಗಳ ಆಡಿದ್ದಾರೋ ಅಲ್ಲಿಗೆ ಹೋಗು.

ನಿನ್ನ ಹತ್ತಿರ ಪ್ರಶ್ನೆ ಆಗಲೇ ಇದೆ. ನಿನ್ನ ಆಫೀಸಿನ ಕಂಪ್ಯೂಟರ್ ಸಾಲ ಕೇಳಿದವರ ಅರ್ಜಿಯನ್ನು ತಳ್ಳಿಹಾಕುತ್ತದೆ, ಯಾಕೆ ಅಂತ ಅವರಿಗೂ ಹೇಳುವುದಿಲ್ಲ, ನಮಗೂ ಸರಿಯಾಗಿ ಗೊತ್ತಾಗುವುದಿಲ್ಲ ಅಂತ ಹೇಳಿದಾಗ ನಿನ್ನ ದನಿಯಲ್ಲಿ ಬೇಸರ ಇತ್ತು. ಅದನ್ನು ಆಫೀಸಿನ ಕಿರಿಕಿರಿ ಅಂತ ಬಿಡಬೇಡ. ಅದು ತತ್ವಶಾಸ್ತ್ರದ ಪ್ರಶ್ನೆಯೇ.

ಮಿರಾಂಡಾ ಫ್ರಿಕರ್ ಅಂತ ಇಂಗ್ಲೆಂಡಿನ ತತ್ವಜ್ಞಾನಿ ಇದ್ದಾರೆ. 2007ರಲ್ಲಿ ಅವರ 'ಎಪಿಸ್ಟೆಮಿಕ್ ಇನ್‌ಜಸ್ಟಿಸ್' ಬಂತು. ಅವರು ಹೇಳುವುದು ಇಷ್ಟು: ಮೈಬಣ್ಣ ನೋಡಿ, ಹೆಣ್ಣು ಅಂತ ನೋಡಿ ಒಬ್ಬರ ಮಾತಿಗೆ ಕಡಿಮೆ ಬೆಲೆ ಕೊಟ್ಟರೆ ಅದು ಬರೀ ಅವಮಾನವಲ್ಲ. ವಿಷಯ ತಿಳಿದವರು, ತಿಳಿಸಬಲ್ಲವರು ಎಂಬ ಅವರ ಸ್ಥಾನವನ್ನೇ ಕಿತ್ತುಕೊಂಡ ಹಾಗೆ. ಇದಕ್ಕೆ ಮದ್ದು ಏನು? ಕೇಳಿಸಿಕೊಳ್ಳುವವರು ತಮ್ಮ ಪೂರ್ವಗ್ರಹವನ್ನು ತಾವೇ ಗಮನಿಸಿ ತಿದ್ದಿಕೊಳ್ಳುವ ಗುಣ ಬೆಳೆಸಿಕೊಳ್ಳಬೇಕು ಅನ್ನುತ್ತಾರೆ ಫ್ರಿಕರ್.

ಇಲ್ಲಿ ಪುಸ್ತಕ ಮುಚ್ಚಿಟ್ಟರೆ ನಿನಗೆ ಉಪಯೋಗವಿಲ್ಲ. ನಿನ್ನ ಕಂಪ್ಯೂಟರಿಗೆ ಯಾವ ಗುಣ ಬೆಳೆಸುತ್ತೀಯ? ಈ ತೊಡಕನ್ನು ಅಮೆರಿಕದ ಎಲಿಜಬೆತ್ ಆಂಡರ್ಸನ್ 2012ರ ಒಂದು ಲೇಖನದಲ್ಲಿ ಹಿಡಿದರು. ಒಬ್ಬೊಬ್ಬರೂ ಒಳ್ಳೆಯವರಾದರೆ ಸಾಲದು, ಸಂಸ್ಥೆಯ ರಚನೆಯೇ ನ್ಯಾಯವಾಗಿರಬೇಕು ಅನ್ನುವುದು ಅವರ ವಾದ. ಜನರ ಬಗ್ಗೆ ಮಾಹಿತಿ ಕೂಡಿಸಿ ನಿರ್ಧಾರ ಮಾಡುವ ವ್ಯವಸ್ಥೆಯೊಳಗೇ ಅನ್ಯಾಯ ಇರಬಹುದು, ಅಲ್ಲಿ ಯಾರ ಮನಸ್ಸಿನಲ್ಲೂ ಕೆಟ್ಟದ್ದು ಇರಬೇಕಾಗಿಲ್ಲ. ನೋಡು, ಈಗ ಪ್ರಶ್ನೆ ನಿನ್ನ ಮೇಜಿನ ಮೇಲೇ ಬಂದು ಕೂತಿತು. ಫ್ರಿಕರ್ ಇಲ್ಲದೆ ಆಂಡರ್ಸನ್ ಅರ್ಥವಾಗುವುದಿಲ್ಲ, ಆಂಡರ್ಸನ್ ಇಲ್ಲದೆ ಫ್ರಿಕರ್ ಪೂರ್ತಿಯಾಗುವುದಿಲ್ಲ. ಒಂದು ಜಗಳ ನಿನಗೆ ಇಬ್ಬರನ್ನು ಕೊಟ್ಟಿತು. ಆಂಡರ್ಸನ್ ಅವರು 2017ರಲ್ಲಿ ಕಂಪನಿಗಳು ನೌಕರರ ಮೇಲೆ ನಡೆಸುವ ಅಧಿಕಾರದ ಬಗ್ಗೆಯೂ ಒಂದು ಪುಸ್ತಕ ತಂದಿದ್ದಾರೆ, 'ಪ್ರೈವೇಟ್ ಗವರ್ನಮೆಂಟ್' ಅಂತ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ನಿನ್ನ ವಯಸ್ಸಿನವರೆಲ್ಲ ಅದನ್ನು ಓದಬೇಕು ಅಂತ ನನ್ನ ಆಸೆ.

ಇಂಥ ವಾಗ್ವಾದಕ್ಕೆ ವಿದೇಶಕ್ಕೇ ಹೋಗಬೇಕಾಗಿಲ್ಲ. ರಾಜಕೀಯ ಚಿಂತಕ ಗೋಪಾಲ್ ಗುರು 2002ರಲ್ಲಿ ಒಂದು ಲೇಖನ ಬರೆದು ನಮ್ಮ ಸಮಾಜ ವಿಜ್ಞಾನಗಳನ್ನು ನೇರವಾಗಿ ಕೇಳಿದರು: ಅನುಭವ ದಲಿತರದು, ಅದರ ಮೇಲೆ ಸಿದ್ಧಾಂತ ಕಟ್ಟುವವರು ಬೇರೆಯವರು, ಇದು ಸಮಾನತೆಯಾ? ಇದಕ್ಕೆ ತತ್ವಜ್ಞಾನಿ ಸುಂದರ್ ಸಾರುಕ್ಕೈ ಉತ್ತರ ಬರೆದರು. ಅವರು ನಮ್ಮ ಊರಿನಲ್ಲೇ, ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತೇವಲ್ಲ, ಆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಅನುಭವಕ್ಕೂ ಸಿದ್ಧಾಂತಕ್ಕೂ ಇರುವ ಸಂಬಂಧ ಏನು, ಇನ್ನೊಬ್ಬರ ನೋವಿನ ಬಗ್ಗೆ ಸಿದ್ಧಾಂತ ಮಾಡುವ ಹಕ್ಕು ಯಾರಿಗೆ ಎಂದು ಇಬ್ಬರೂ ಎದುರುಬದುರು ನಿಂತು ಬರೆದದ್ದು 2012ರಲ್ಲಿ 'ದಿ ಕ್ರ್ಯಾಕ್ಡ್ ಮಿರರ್' ಎಂಬ ಪುಸ್ತಕವಾಯಿತು. ಒಬ್ಬರ ಅಧ್ಯಾಯಕ್ಕೆ ಇನ್ನೊಬ್ಬರು ಮಾರುತ್ತರ ಕೊಡುವುದನ್ನು ಓದುವಾಗ ನನಗೆ ನಿಜಕ್ಕೂ ಸಂತೋಷವಾಯಿತು. ನಮ್ಮ ನೆಲದ ಪ್ರಶ್ನೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರಲ್ಲ ಅಂತ.

ಓದಲು ಯೋಗ್ಯರೋ ಅಲ್ಲವೋ ಅಂತ ತಿಳಿಯಲು ನಾನು ಮೊದಲು ನೋಡುವುದು ಪೂರ್ವಪಕ್ಷ. ಎದುರಾಳಿಯ ವಾದವನ್ನು ಎದುರಾಳಿಯೇ ತಲೆದೂಗುವಷ್ಟು ಚೆನ್ನಾಗಿ ಹೇಳಿ ಆಮೇಲೆ ಉತ್ತರಿಸುವುದು ನಮ್ಮ ಹಳೆಯ ಶಾಸ್ತ್ರಕಾರರ ಕ್ರಮ. ಈಗಿನವರಿಗೂ ಅದೇ ಅಳತೆ ಹಿಡಿ. ಎದುರಾಳಿಯನ್ನು ದಡ್ಡ ಅಂತ ತೋರಿಸಿ ಎರಡೇ ಸಾಲಿನಲ್ಲಿ ಮುಗಿಸುವವರ ಪುಸ್ತಕ ಎಷ್ಟೇ ಮಾರಾಟವಾಗಲಿ, ಬಿಟ್ಟುಬಿಡು. ಇನ್ನೊಂದು ಗುರುತು, ತಮ್ಮ ಮಾತನ್ನೇ ತಾವು ತಿದ್ದಿಕೊಳ್ಳುವ ಧೈರ್ಯ. ಅಮೆರಿಕದ ತತ್ವಜ್ಞಾನಿ ಹಿಲರಿ ಪಟ್ನಂ 1960ರ ದಶಕದಲ್ಲಿ ಮನಸ್ಸಿನ ಬಗ್ಗೆ ಒಂದು ದೊಡ್ಡ ಸಿದ್ಧಾಂತ ಕೊಟ್ಟರು, ಮನಸ್ಸು ಕಂಪ್ಯೂಟರಿನಂತೆ ಕೆಲಸ ಮಾಡುತ್ತದೆ ಅಂತ. ಬಹಳ ಜನ ಅದನ್ನು ಒಪ್ಪಿದರು. 1988ರಲ್ಲಿ ಅದು ಯಾಕೆ ನಿಲ್ಲುವುದಿಲ್ಲ ಎಂದು ಅವರೇ ಪುಸ್ತಕ ಬರೆದರು.

ಹೆಸರು, ಪದವಿ ನೋಡಿ ಮರುಳಾಗಬೇಡ. ಇಂಗ್ಲೆಂಡಿನ ತತ್ವಜ್ಞಾನಿ ಮೇರಿ ಮಿಡ್ಗ್ಲಿ ಅವರ ಮೊದಲ ಪುಸ್ತಕ ಬಂದದ್ದು 1978ರಲ್ಲಿ, ಅವರಿಗೆ ಐವತ್ತು ದಾಟಿ ಎಷ್ಟೋ ವರ್ಷಗಳಾದ ಮೇಲೆ. ಮೂವರು ಮಕ್ಕಳನ್ನು ಬೆಳೆಸಿದ ತಾಯಿ. 2018ರಲ್ಲಿ, 99ನೇ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ಪುಸ್ತಕವೂ ಅದೇ ವರ್ಷದ್ದು. ಮನುಷ್ಯರ ಬಗ್ಗೆ, ಪ್ರಾಣಿಗಳ ಬಗ್ಗೆ ಅಷ್ಟು ಸ್ಪಷ್ಟವಾಗಿ ಬರೆದವರು ಕಡಿಮೆ.

ದಪ್ಪ ಪುಸ್ತಕಕ್ಕೆ ಈಗಲೇ ಕೈ ಹಾಕಬೇಡ. ಡೆರೆಕ್ ಪಾರ್ಫಿಟ್ ಅವರ 1984ರ 'ರೀಸನ್ಸ್ ಅಂಡ್ ಪರ್ಸನ್ಸ್' ದೊಡ್ಡ ಕೃತಿ, ಆದರೆ ಎರಡು ವರ್ಷ ಕಾಯಲಿ. ತತ್ವಶಾಸ್ತ್ರದಲ್ಲಿ ಒಂದು ಲೇಖನವೇ ಒಂದು ಕಾಲವನ್ನು ಅಲ್ಲಾಡಿಸಿದ್ದುಂಟು. 1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ನಮ್ಮ ದೇಶಕ್ಕೆ ಬಂದಾಗ ಪೀಟರ್ ಸಿಂಗರ್ ಬರೆದ ಲೇಖನ ಅಂಥದ್ದು. ಮುಂದಿನ ವರ್ಷ ಅಚ್ಚಾಯಿತು. ಕಣ್ಣೆದುರು ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೆಸರಾಗುತ್ತದೆ ಅಂತ ಸುಮ್ಮನಿರುತ್ತೀಯಾ? ಇಲ್ಲ ಅಲ್ವಾ? ಹಾಗಾದರೆ ದೂರದಲ್ಲಿ ಸಾಯುತ್ತಿರುವ ಮಗುವಿಗೆ ಹಣ ಕೊಡದಿರಲು ಏನು ಕಾರಣ? ಒಂದೇ ಸಂಜೆಯಲ್ಲಿ ಓದಬಹುದು. ಇದಕ್ಕೆ ಕ್ವಾಮೆ ಆಂಥೊನಿ ಅಪಿಯಾ ತಮ್ಮ 2006ರ 'ಕಾಸ್ಮೊಪಾಲಿಟನಿಸಂ' ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಉತ್ತರ ಕೊಟ್ಟಿದ್ದಾರೆ. ಅದನ್ನೂ ಜೊತೆಗೇ ಓದು.

ಯಾವುದೇ ಪ್ರಶ್ನೆಗೆ ಯಾರು ಯಾರೊಂದಿಗೆ ವಾದ ಮಾಡುತ್ತಿದ್ದಾರೆ ಅಂತ ತಿಳಿಯಲು ಸ್ಟ್ಯಾನ್‌ಫರ್ಡ್ ಎನ್‌ಸೈಕ್ಲೊಪೀಡಿಯಾ ಆಫ್ ಫಿಲಾಸಫಿ ಇದೆ. 1995ರಿಂದ ಇಂಟರ್ನೆಟ್ಟಿನಲ್ಲಿದೆ, ಕಾಸು ಕೊಡಬೇಕಾಗಿಲ್ಲ, ಆಯಾ ವಿಷಯ ಬಲ್ಲವರೇ ಬರೆದು ಆಗಾಗ ತಿದ್ದುತ್ತಾರೆ. ಮೊದಲ ಸಲ ಆಕ್ಷೇಪಗಳ ಭಾಗವನ್ನು ಮಾತ್ರ ಓದು, ಹೆಸರುಗಳು ಅಲ್ಲಿಂದ ತಾವಾಗಿ ಬರುತ್ತವೆ. ಊರಿನಲ್ಲೂ ಜಾಗಗಳಿವೆ. ನಮ್ಮ ಮನೆಯ ಹತ್ತಿರ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್, ಎರಡರಲ್ಲೂ ಉಪನ್ಯಾಸಗಳು ನಡೆಯುತ್ತವೆ. ಭಾಷಣಕ್ಕಿಂತ ಕೊನೆಯ ಪ್ರಶ್ನೋತ್ತರಕ್ಕೆ ಜಾಸ್ತಿ ಕಿವಿ ಕೊಡು. ಮಾತನಾಡಿದವರ ನಿಜವಾದ ಶಕ್ತಿ ಅಲ್ಲಿ ಗೊತ್ತಾಗುತ್ತದೆ.

ಓದಿದ ವಾದವನ್ನು ನಿನ್ನ ಅಮ್ಮನಿಗೆ ಕನ್ನಡದಲ್ಲಿ ಹೇಳಿ ನೋಡು. ಅವಳು ಸುಮ್ನೆ ತಲೆ ಆಡಿಸುವವಳಲ್ಲ, ಅಡ್ಡ ಪ್ರಶ್ನೆ ಕೇಳುತ್ತಾಳೆ. ಇಂಗ್ಲಿಷ್ ವಾಕ್ಯವನ್ನೇ ಮತ್ತೆ ಹೇಳಬೇಕಾಗಿ ಬಂದರೆ ಆ ಪುಟಕ್ಕೆ ವಾಪಸ್ ಹೋಗು. ಹೊರಗಿನ ವಿಚಾರವನ್ನು ಇಲ್ಲಿಗೆ ತಂದು ಹೇಳುವುದು ಈ ನಾಡಿಗೆ ಹೊಸದಲ್ಲ. ಕೇಂಬ್ರಿಜ್‌ನಲ್ಲಿ ದೊಡ್ಡ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್ ಅವರ ತರಗತಿಯಲ್ಲಿ ಕೂತು ಟಿಪ್ಪಣಿ ಬರೆದುಕೊಂಡ ಕೆ.ಜೆ. ಶಾ ಧಾರವಾಡಕ್ಕೆ ಬಂದು ಪಾಠ ಮಾಡಿದರು. ಆ 1946–47ರ ಟಿಪ್ಪಣಿಗಳು 1988ರಲ್ಲಿ ಪುಸ್ತಕವಾಗಿ ಬಂದವು.

ಸಿಂಗರ್ ಲೇಖನ ಈ ವಾರವೇ ಓದು. ಎಲ್ಲಿ ಒಪ್ಪಿಗೆಯಾಗಲಿಲ್ಲ ಅಂತ ಅರ್ಧ ಪುಟ ಬರೆದುಕೊಂಡು ಭಾನುವಾರ ಮನೆಗೆ ಬಾ. ಗುರು ಮತ್ತು ಸಾರುಕ್ಕೈ ಅವರ ಪುಸ್ತಕ ನನ್ನ ಹತ್ತಿರ ಇದೆ, ಕೊಡುತ್ತೇನೆ. ಅದರಲ್ಲಿ ಇಬ್ಬರ ಪೈಕಿ ನಾನು ಗುರು ಅವರ ಕಡೆ. ನೀನು ಓದಿ ಸಾರುಕ್ಕೈ ಕಡೆಯಿಂದ ವಾದ ಮಾಡು, ಕೇಳುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ