ಕಾಮೊ ನದಿಯ ದಂಡೆಯಿಂದ

ಕ್ಯೋಟೋ
ಜಪಾನ್
ಆಗಸ್ಟ್ 3

ಪ್ರೀತಿಯ ಅವ್ವನಿಗೆ,

ಹೇಗಿದ್ದೀಯ? ಅಪ್ಪನ ಮೊಣಕಾಲು ನೋವು ಕಮ್ಮಿ ಆಯ್ತಾ? ಇಲ್ಲಿ ಸೆಕೆಯೋ ಸೆಕೆ. ನೀನು ಕಟ್ಟಿಕೊಟ್ಟ ಸ್ವೆಟರ್ ಪೆಟ್ಟಿಗೆಯ ತಳ ಸೇರಿದೆ. ಕ್ಯೋಟೋಗೆ ಮೂರು ಕಡೆ ಬೆಟ್ಟ, ಗಾಳಿಯೇ ಆಡುವುದಿಲ್ಲ. ಬಿಸಿಲು 35 ಡಿಗ್ರಿ ದಾಟುತ್ತದೆ. ರಾಯಚೂರಿನವರಿಗೆ ಅದೇನು ಮಹಾ ಅನ್ನಬೇಡ. ನಮ್ಮದು ಒಣ ಬಿಸಿಲು, ಇಲ್ಲಿ ಮೈ ಬೆವರು ಆರುವುದೇ ಇಲ್ಲ.

ಅದಕ್ಕೇ ಸಂಜೆಯಾದರೆ ಜನ ತಂಪು ಹುಡುಕಿಕೊಂಡು ಹೊರಗೆ ಬರುತ್ತಾರೆ, ನಾವು ಮಾಳಿಗೆ ಮೇಲೆ ಚಾಪೆ ಹಾಸುತ್ತೇವಲ್ಲ, ಹಾಗೆ. ಊರ ನಡುವೆ ಕಾಮೊ ನದಿ ಇದೆ. ಅದರ ಪಶ್ಚಿಮ ದಂಡೆಯ ಹೋಟೆಲಿನವರು ಮೇ ತಿಂಗಳಿಗೆಲ್ಲ ಪಕ್ಕದ ಸಣ್ಣ ಕಾಲುವೆಯ ಮೇಲೆ ಕಂಬ ನಿಲ್ಲಿಸಿ ಮರದ ಅಟ್ಟ ಕಟ್ಟುತ್ತಾರೆ. ಅದಕ್ಕೆ ಯುಕಾ ಅಂತಾರೆ. 17ನೇ ಶತಮಾನದಲ್ಲೇ ವ್ಯಾಪಾರಿಗಳು ನದಿಯಲ್ಲಿ ಆಸನ ಹಾಕಿಸಿಕೊಂಡು ಅತಿಥಿಗಳನ್ನು ಕೂರಿಸುತ್ತಿದ್ದರಂತೆ. ಈಗ ಅಲ್ಲಿ ಊಟ ಮಾಡಿದರೆ ಜೇಬು ಮಾತ್ರ ತಣ್ಣಗಾಗುತ್ತದೆ! ನಾವು ಹುಡುಗ ಹುಡುಗಿಯರು ಕೆಳಗೆ ದಂಡೆಯ ಮೇಲೇ ಕೂರುತ್ತೇವೆ. ಗಾಳಿ ಅದೇ, ಪುಕ್ಕಟೆ. ಜೋಡಿಗಳೂ ಬರುತ್ತವೆ. ಯಾರೋ ಅಳತೆ ಹಿಡಿದು ಕೂರಿಸಿದರೇನೋ ಅನ್ನುವಷ್ಟು ಸಮ ದೂರದಲ್ಲಿ ಕೂತಿರುತ್ತಾರೆ, ನೋಡಿದರೆ ನಗು ಬರುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ನಮ್ಮ ಓಣಿಯಲ್ಲಿ ತಂಪಿಗೆ ನೀರು ಚಿಮುಕಿಸುವುದು. ಎದುರು ಮನೆಯ ಅಜ್ಜಿ ಹೊತ್ತು ಇಳಿದ ಮೇಲೆ ಬಕೆಟ್ಟು, ಸೌಟು ಹಿಡಿದು ಬರುತ್ತಾರೆ. ಸೌಟಿನಲ್ಲಿ ನೀರು ತೆಗೆದು ಮಣಿಕಟ್ಟು ತಿರುಗಿಸಿ ಬೀಸಿದರೆ ಬಾಗಿಲ ಮುಂದೆ ತೆಳ್ಳಗೆ ಹರಡುತ್ತದೆ. ನೆರೆಮನೆಯ ಗಡಿಯನ್ನೂ ಚೂರು ನೆನೆಸುತ್ತಾರೆ, ಚೂರೇ. ಪೂರ್ತಿ ಬಿಟ್ಟರೆ ಬಿಗುಮಾನ, ಜಾಸ್ತಿ ಹೋದರೆ ಮೈಮೇಲೆ ಬಿದ್ದ ಹಾಗೆ! ಉರಿ ಮಧ್ಯಾಹ್ನ ಹಾಕಿದರೆ ಬರೀ ಹಬೆ. ಸಂಜೆ ಹಾಕಿದರೆ ನೀರು ಆರುತ್ತಾ ನೆಲದ ಕಾವು ಎಳೆದುಕೊಳ್ಳುತ್ತದೆ.

ಸೂರಿಗೆ ಗಾಜಿನ ಗಂಟೆಯನ್ನೂ ಕಟ್ಟುತ್ತಾರೆ, ಅದರ ಸದ್ದು ಕೇಳಿದರೇ ತಂಪಂತೆ. ನನಗಂತೂ ಏನೂ ಆಗಲಿಲ್ಲ. ಫ್ಯಾನೇ ವಾಸಿ.

ಅಪ್ಪನಿಗೆ ಒಂದು ವಿಷಯ ಹೇಳು. ಅವರು ದಿನಾ ಬೈದುಕೊಂಡು ಹಚ್ಚುವ ಸೊಳ್ಳೆ ಬತ್ತಿ ಹುಟ್ಟಿದ್ದು ಜಪಾನಿನಲ್ಲೇ. ಮೊದಲು ಕಡ್ಡಿಯ ಹಾಗಿತ್ತು, ಬೇಗ ಉರಿದು ಹೋಗುತ್ತಿತ್ತು. ಸುರುಳಿ ಸುತ್ತುವ ಉಪಾಯ ಕೊಟ್ಟದ್ದು ಅದನ್ನು ಮಾಡುತ್ತಿದ್ದವನ ಹೆಂಡತಿ, 1895ರಲ್ಲಿ ಅಂತಾರೆ. ಇಲ್ಲಿ ಅದನ್ನು ಮಣ್ಣಿನ ಹಂದಿಯ ಹೊಟ್ಟೆಯೊಳಗೆ ಇಟ್ಟು ಹಚ್ಚುತ್ತಾರೆ. ಬರುವಾಗ ಒಂದು ತರಲಾ? ಹಂದಿ ಮನೆಯೊಳಗೆ ಬೇಡ ಅಂತೀಯೇನೋ. ಕೇಳಿ ತಿಳಿಸು.

ನಿನ್ನ ಮಗಳು